ರೀಲು ಬಿಟ್ಟ ಕಾಲ

ಮೊದಲಿಗೆ ಒಂದು ತಪ್ಪೊಪ್ಪಿಗೆ. 1980ರ ದಶಕದಲ್ಲಿ ಸಾಗರ, ಸೊರಬ, ಹೊಸನಗರದ ಕಡೆ ಮದುವೆಯಾದ ಎಷ್ಟೋ ಜನರ ನೆಂಟರಿಗೆ ನಾನು ಮೋಸ ಮಾಡಿದ್ದೇನೆ. ಧಾರೆ ಮುಗಿದು ಉಡುಗೊರೆ ಕೊಡುವವರ ಸಾಲು ಶುರುವಾಯಿತೆಂದರೆ ವರನ ಸೋದರಮಾವನ ಷಡ್ಡಕ, ಅವರ ಪಕ್ಕದ ಮನೆಯವರು, ಅವರ ಕೈಹಿಡಿದು ಬಂದ ಮಕ್ಕಳು ಎಲ್ಲರೂ ವಧೂವರರ ಪಕ್ಕ ನಿಂತು ನನ್ನನ್ನೇ ನೋಡುವರು. ಕ್ಯಾಮೆರಾದಲ್ಲಿ ಉಳಿದಿರುವುದು ನಾಲ್ಕೇ ಫ್ರೇಮು. ಊಟದ ಪಂಕ್ತಿ ಬಾಕಿ, ಹೆಣ್ಣು ಒಪ್ಪಿಸಿಕೊಡುವುದು ಬಾಕಿ. ಆಗ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ‘ಸ್ವಲ್ಪ ನಗಿ’ ಎಂದು, ಎಡಗೈ ಹೆಬ್ಬೆರಳಿನಿಂದ ಫ್ಲ್ಯಾಶಿನ ಹಿಂದಿನ ಟೆಸ್ಟ್ ಗುಂಡಿ ಅದುಮುತ್ತಿದ್ದೆ. ಛಕ್ಕೆಂದು ಬೆಳಕು. ನೆಂಟರು ತೃಪ್ತಿಯಿಂದ ಊಟಕ್ಕೆ ಹೋಗುವರು. ಕ್ಯಾಮೆರಾದೊಳಗಿನ ಫಿಲ್ಮಿಗೆ ಇದೇನೂ ಗೊತ್ತೇ ಇಲ್ಲ.

ಈ ವಿದ್ಯೆಗೆ ನಮ್ಮ ಕಸುಬಿನಲ್ಲಿ ‘ಖಾಲಿ ಫ್ಲ್ಯಾಶ್’ ಎನ್ನುತ್ತಿದ್ದರು. ನಾನೊಬ್ಬನೇ ಅಲ್ಲ, ಆ ಕಾಲದ ಯಾವ ಮದುವೆ ಫೋಟೋಗ್ರಾಫರನನ್ನು ಬೇಕಾದರೂ ಪಕ್ಕಕ್ಕೆ ಕರೆದು ಕೇಳಿ. ಆಲ್ಬಮ್ಮು ನೋಡಿ ‘ನಮ್ಮದೆಲ್ಲಿ?’ ಎಂದು ಬಂದವರಿಗೆ ‘ಕಣ್ಣು ಮುಚ್ಚಿಬಿಟ್ಟಿದ್ರಿ, ಅದಕ್ಕೇ ಹಾಕ್ಲಿಲ್ಲ’ ಎಂಬ ಉತ್ತರ ತಯಾರಿರುತ್ತಿತ್ತು. ರೀಲು ಉಳಿಸಲು ರೀಲು ಬಿಡುತ್ತಿದ್ದೆವು.

ಲೆಕ್ಕವೇ ಹಾಗಿತ್ತು. ಒಂದು ರೀಲಿಗೆ 36 ಫ್ರೇಮು. ಲೋಡ್ ಮಾಡುವಾಗ ತುದಿಯನ್ನು ಜಿಪುಣತನದಿಂದ ಎಳೆದರೆ 37 ಅಥವಾ 38. ಸಾಧಾರಣ ಮದುವೆಗೆ ಎರಡು ರೀಲು, ಜೋರಿನ ಮದುವೆಗೆ ಮೂರು. ಮನೆಯ ಯಜಮಾನರು ಮುಂಗಡ ಕೊಡುವಾಗಲೇ ‘ಎಷ್ಟು ರೀಲು?’ ಎಂದು ನಿಗದಿ ಮಾಡುತ್ತಿದ್ದರು. ಇವತ್ತಿನ ಮದುವೆಮನೆಯಲ್ಲಿ ‘ರೀಲ್ಸ್ ಮಾಡಿಕೊಡ್ತೀರಾ?’ ಎನ್ನುತ್ತಾರೆ. ನನ್ನ ಕೈಕೆಳಗೆ ಕಲಿತ ಹುಡುಗ ಈಗ ಒಂದು ಮದುವೆಗೆ ನಾಲ್ಕು ಸಾವಿರ ಫೋಟೋ ಹೊಡೆಯುತ್ತಾನೆ. ಆಮೇಲೆ ಒಂದು ವಾರ ಕಂಪ್ಯೂಟರಿನ ಮುಂದೆ ಕೂತು ಮೂರೂವರೆ ಸಾವಿರವನ್ನು ಅಳಿಸುತ್ತಾನೆ. ನಾವು ತೆಗೆಯುವ ಮೊದಲೇ ಬೇಡವೆನ್ನುತ್ತಿದ್ದೆವು, ಅವನು ತೆಗೆದ ಮೇಲೆ ಬೇಡವೆನ್ನುತ್ತಾನೆ.

ಹಾಗೆಂದು ಫಿಲ್ಮಿನ ಕಾಲವೇ ಚೆಂದವಿತ್ತು ಎಂದು ಹಲುಬುವವರ ಪೈಕಿ ನಾನಲ್ಲ. ಹಾಗೆ ಹಲುಬುವವರಲ್ಲಿ ಅರ್ಧ ಜನ ಡಾರ್ಕ್‌ರೂಮಿನ ಹೈಪೋ ದ್ರಾವಣದ ವಾಸನೆಯಲ್ಲಿ ಮಧ್ಯಾಹ್ನದ ಊಟ ಮಾಡಿದವರಲ್ಲ.

ನಾನು ಕೆಲಸಕ್ಕೆ ಸೇರಿದ ಸ್ಟುಡಿಯೋದಲ್ಲಿ ಮೊದಲ ವರ್ಷ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಪ್ರಿಂಟು ತೊಳೆಯುವುದು, ಒದ್ದೆ ಪ್ರಿಂಟನ್ನು ಹೊಳೆಯುವ ಗ್ಲೇಜಿಂಗ್ ತಗಡಿಗೆ ಅಂಟಿಸಿ ಗುಳ್ಳೆ ಏಳದಂತೆ ರೋಲರ್ ಎಳೆಯುವುದು, ಪಾಸ್‌ಪೋರ್ಟ್ ಫೋಟೋದ ಅಂಚು ಕತ್ತರಿಸುವುದು, ಇಷ್ಟೇ. ಭಾರತದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬ ಡಬ್ಬಿ ಕ್ಯಾಮೆರಾವೊಂದು ನನ್ನ ಸ್ವಂತದ್ದಿತ್ತು. 120ರ ಫಿಲ್ಮು, 12 ಚಿತ್ರ, ಅಷ್ಟೂ ಚೌಕ. ಸ್ಟುಡಿಯೋ ನಡೆಸುತ್ತಿದ್ದ ಮಾಸ್ತರ ಬಳಿ ಇದ್ದದ್ದು ಎರಡು ಕಣ್ಣಿನ ಯಾಶಿಕಾ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು ತಲೆ ತಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಬಲ ಎಡವಾಗಿ ಎಡ ಬಲವಾಗಿ ಕಾಣುವ ಆ ಗಾಜಿನೊಳಗೆ ಜನ ಎಷ್ಟು ಸಲೀಸಾಗಿ ಕೂತಿರುತ್ತಿದ್ದರು! ಎದುರಿಗಿದ್ದವನು ತಮ್ಮನ್ನು ದಿಟ್ಟಿಸುತ್ತಿಲ್ಲ, ತಲೆಬಾಗಿಸಿ ಏನೋ ಓದುತ್ತಿದ್ದಾನೆ ಎಂಬ ಭಾವ ಅವರಿಗೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಏರಿದ ಮೇಲೆ ಹಳ್ಳಿಯ ಹೆಂಗಸರ ಮುಖದಲ್ಲಿ ಒಂದು ಬಿಗಿ ಬಂತು. ಈಗ ಮೊಬೈಲು ಮುಖದ ಮುಂದೆ ಬಂದ ಮೇಲೆ ಬಿಗಿ ಹೋಗಿ, ಎಲ್ಲರಿಗೂ ಒಂದೇ ಥರದ ನಗು ಬಂದಿದೆ.

ಆ ಕಾಲದಲ್ಲಿ ಹೊಟ್ಟೆಯೊಳಗಿನ ಭಯ ಹೇಗಿರುತ್ತಿತ್ತು ಎನ್ನಲು ಒಂದು ಮದುವೆಯ ಕಥೆ ಸಾಕು. 1986ರ ಮೇ ತಿಂಗಳು. ಹೊಸ ರೀಲು ಹಾಕಿದ್ದೇನೆ, ಕಾಶಿಯಾತ್ರೆಯಿಂದ ಸಪ್ತಪದಿಯವರೆಗೆ ಎಲ್ಲವೂ ತೆಗೆದಾಯಿತು. ಕೌಂಟರು 36 ದಾಟಿತು, 38 ಆಯಿತು, 40 ಆಯಿತು. ಬೆನ್ನು ತಣ್ಣಗಾಯಿತು. ಫಿಲ್ಮಿನ ನಾಲಿಗೆ ಸ್ಪೂಲಿನ ಸೀಳಿಗೆ ಸಿಕ್ಕಿಕೊಂಡಿರಲೇ ಇಲ್ಲ. ಇಡೀ ಮದುವೆಯ ಹೊತ್ತು ಫಿಲ್ಮು ತನ್ನ ಡಬ್ಬಿಯಲ್ಲೇ ಬೆಚ್ಚಗೆ ಮಲಗಿತ್ತು. ನಾನು ಗಾಳಿಯ ಫೋಟೋ ತೆಗೆದಿದ್ದೆ. ಹುಡುಗಿಯ ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಚಪ್ಪರದ ಅಡಕೆ ಕಂಬ ಹಿಡಿದು ನಿಂತು, ‘ಊಟ ಮಾಡಿದ್ರಾ?’ ಎಂದು ಕೇಳಿದರು. ಸಂಜೆ ಪುರೋಹಿತರನ್ನು ಕಾಡಿ ಬೇಡಿ ಧಾರೆಯನ್ನು ಇನ್ನೊಮ್ಮೆ ನಟಿಸಿದ್ದಾಯಿತು. ಆ ಆಲ್ಬಮ್ಮಿನಲ್ಲಿ ಹಾಗಾಗಿ ಬೆಳಗಿನ ಮುಹೂರ್ತಕ್ಕೆ ಪಶ್ಚಿಮದ ಬಿಸಿಲು ಬಿದ್ದಿದೆ. ಅಂದಿನಿಂದ ಕೊನೆಯ ರೀಲಿನವರೆಗೂ ಪ್ರತಿ ಸಲ ಲಿವರ್ ಎಳೆದಾಗ ಎಡಗಡೆಯ ಸುತ್ತುಗುಂಡಿ ತಿರುಗುತ್ತಿದೆಯೇ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡೆ. ಅದು ತಿರುಗಿದರೆ ಫಿಲ್ಮು ನಡೆಯುತ್ತಿದೆ ಎಂದರ್ಥ. ಡಿಜಿಟಲ್ ಬಂದ ಮೇಲೂ ಬಹಳ ದಿನ ಎಡಗಡೆ ನೋಡುತ್ತಿದ್ದೆ. ಅಲ್ಲಿ ಗುಂಡಿಯೇ ಇರಲಿಲ್ಲ.

ತಂತ್ರದ ದೃಷ್ಟಿಯಿಂದ ನನ್ನನ್ನು ನಿಜಕ್ಕೂ ಉಲ್ಟಾ ಮಾಡಿದ್ದು ಬೇರೆಯೇ. ಫಿಲ್ಮಿನ ಪಾಠ ಸರಳ. ಸುಡುಬಿಸಿಲಿದ್ದರೆ ಅಪರ್ಚರ್ ಎಫ್ 16, ಶಟರ್ ವೇಗ ಫಿಲ್ಮು ಬೆಳಕು ಹಿಡಿಯುವ ಶಕ್ತಿಯನ್ನು ಹೇಳುವ ಎಎಸ್‌ಎ ಸಂಖ್ಯೆಯಷ್ಟು. ಅಂದರೆ 125ರ ಫಿಲ್ಮಿಗೆ ಸೆಕೆಂಡಿನ 125ನೇ ಒಂದು ಭಾಗ. ಮೋಡವಾದರೆ ಅಪರ್ಚರ್ ಒಂದೊಂದೇ ಮೆಟ್ಟಿಲು ತೆರೆಯುತ್ತಾ ಹೋಗು. ಅನುಮಾನವಿದ್ದರೆ ಅರ್ಧ ಮೆಟ್ಟಿಲು ಹೆಚ್ಚೇ ಕೊಡು. ನೆಗೆಟಿವ್ ಫಿಲ್ಮು ಹೆಚ್ಚು ಬೆಳಕನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಕಡಿಮೆಯಾದರೆ ಮಾತ್ರ ಕ್ಷಮಿಸುವುದಿಲ್ಲ. ನೆರಳಿನಲ್ಲಿ ಬೆಳಕು ಅಚ್ಚೊತ್ತದಿದ್ದರೆ ಅಲ್ಲಿ ಬರಿಯ ಪಾರದರ್ಶಕ ಹಾಳೆ, ಎಷ್ಟು ಹಿಂಡಿದರೂ ಏನೂ ಬಾರದು. ಹಾಗಾಗಿ ಇಪ್ಪತ್ತು ವರ್ಷ ನಾನು ನೆರಳನ್ನು ಕಾಪಾಡಿದೆ.

2004ರಲ್ಲಿ ಸಾಲ ಮಾಡಿ ನಿಕಾನ್ ಡಿ70 ತಂದೆ. ಆರು ಮೆಗಾಪಿಕ್ಸೆಲ್. ಮೊದಲ ಮದುವೆಗೆ ಹಳೆಯ ಅಭ್ಯಾಸದಂತೆ ಅರ್ಧ ಮೆಟ್ಟಿಲು ಉದಾರವಾಗಿ ಬೆಳಕು ಕೊಟ್ಟೆ. ಮನೆಗೆ ಬಂದು ತೆರೆಯ ಮೇಲೆ ನೋಡಿದರೆ ಅಂಗಳದಲ್ಲಿ ನಿಂತ ವರನ ಬಿಳಿ ಪಂಚೆಯಲ್ಲಿ ಮಡಿಕೆಯೂ ಇಲ್ಲ, ಅಂಚೂ ಇಲ್ಲ. ಸೊಂಟದಿಂದ ಕೆಳಗೆ ಆತ ಕಾಗದದಲ್ಲಿ ಕತ್ತರಿಸಿ ತೆಗೆದ ತೂತಿನಂತಿದ್ದ. ಸೆನ್ಸರಿನ ಸ್ವಭಾವ ಫಿಲ್ಮಿಗೆ ತದ್ವಿರುದ್ಧ. ಅದರ ಒಂದೊಂದು ಕೋಶವೂ ಬೆಳಕು ಸುರಿಯುವ ಒಂದು ಚೊಂಬು. ತುಂಬಿದ ಮೇಲೆ ಸುರಿದದ್ದೆಲ್ಲ ಚೆಲ್ಲಿಹೋಗುತ್ತದೆ, ಎಷ್ಟು ಚೆಲ್ಲಿತು ಎಂಬುದಕ್ಕೆ ದಾಖಲೆಯೇ ಇಲ್ಲ. ಆದರೆ ತಳದಲ್ಲಿ ಒಂದು ಹನಿ ಇದ್ದರೂ ಆಮೇಲೆ ಎತ್ತಿಕೊಳ್ಳಬಹುದು. ಕತ್ತಲೆಯೊಳಗಿನ ಅಜ್ಜಿಯ ಮುಖವನ್ನು ಕಂಪ್ಯೂಟರಿನಲ್ಲಿ ಈಚೆಗೆ ತರಬಹುದು, ಸುಟ್ಟುಹೋದ ಪಂಚೆಯನ್ನು ಬ್ರಹ್ಮನೂ ನೇಯಲಾರ. ಅಂದಿನಿಂದ ನೆರಳು ಕಾಯುವುದನ್ನು ಬಿಟ್ಟು ಬೆಳಕು ಕಾಯಲು ಕಲಿತೆ. ನಲವತ್ತು ದಾಟಿದವನಿಗೆ ಇದು ಬಲಗೈಯವನು ಎಡಗೈಯಲ್ಲಿ ಬರೆಯಲು ಕಲಿತಷ್ಟೇ ಕಷ್ಟ. ಕ್ಯಾಮೆರಾದ ಹಿಂದಿನ ಹಿಸ್ಟೋಗ್ರಾಮ್ ಎಂಬ ಗುಡ್ಡದ ಚಿತ್ರ ಬಲಗಡೆಯ ಗೋಡೆಗೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದೇ ಈಗಿನ ಮುಖ್ಯ ವಿದ್ಯೆ. ಫೋಟೋ ಚೆನ್ನಾಗಿ ಬಂತೇ ಎಂದು ನೋಡಲು ಪುಟ್ಟ ತೆರೆಯನ್ನು ನಂಬಬೇಡಿ, ಗುಡ್ಡವನ್ನು ನಂಬಿ ಎಂದು ಹುಡುಗರಿಗೆ ಹೇಳುತ್ತೇನೆ. ತೆರೆ ಮುಖಸ್ತುತಿ ಮಾಡುತ್ತದೆ.

ಡಾರ್ಕ್‌ರೂಮಿನ ಬಗ್ಗೆ ಎಲ್ಲರೂ ಕೆಂಪು ಬಲ್ಬಿನ ಕಾವ್ಯ ಬರೆಯುತ್ತಾರೆ. ನನಗೆ ನೆನಪಿರುವುದು ತಕ್ಕಡಿ. ನಮ್ಮದು ಅಕ್ಕಸಾಲಿಗರಿಂದ ತಂದ ಪುಟ್ಟ ತಕ್ಕಡಿ. ಒಂದು ಲೀಟರ್ ಡಿ-76 ಡೆವಲಪರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೊರಾಕ್ಸ್ 2. ಹದಿನೇಳರ ಮಗ್ಗಿ ಮರೆತಿದೆ, ಇದು ಮರೆತಿಲ್ಲ. ಮೆಟಾಲ್ ಮೊದಲು ಕರಗಬೇಕು, ಸಲ್ಫೈಟನ್ನು ಮೊದಲೇ ಸುರಿದರೆ ಅದು ಕರಗಲು ಹಟ ಹಿಡಿಯುತ್ತದೆ. ದ್ರಾವಣ 20 ಡಿಗ್ರಿಯಲ್ಲಿರಬೇಕು. ಏಪ್ರಿಲ್‌ನಲ್ಲಿ ನಲ್ಲಿಯ ನೀರೇ 27 ದಾಟಿದರೆ ಐಸ್‌ಕ್ಯಾಂಡಿ ಗಾಡಿಯವನೇ ನಮ್ಮ ವಿಜ್ಞಾನಿ. ಫಿಲ್ಮಿನ ಬೆಳ್ಳಿಯನ್ನು ಹಿಡಿದಿಡುವ ಜಿಲೆಟಿನ್ ದನ ಹಂದಿಗಳ ಮೂಳೆ, ಚರ್ಮದಿಂದ ತಯಾರಾದದ್ದು ಎಂಬ ಗುಟ್ಟನ್ನು ಮಡಿ ಹುಡಿಯ ಮನೆಗಳಲ್ಲಿ ಮಾತ್ರ ನಾವು ಬಾಯಿಬಿಡುತ್ತಿರಲಿಲ್ಲ. ಅವರ ದೇವರ ಮನೆಯಲ್ಲಿ ನಾವು ತೆಗೆದ ಗುರುಗಳ ಪಟಕ್ಕೆ ದಿನಾ ಮಂಗಳಾರತಿ ಆಗುತ್ತಿತ್ತಲ್ಲ!

ಮಾಸ್ತರ ನಿಜವಾದ ಕೈಚಳಕ ಇದ್ದದ್ದು ‘ಟಚಿಂಗ್’ನಲ್ಲಿ. ಕಿಟಕಿಯ ಪಕ್ಕ ಇಳಿಜಾರು ಮೇಜು, ಮಧ್ಯೆ ಚೌಕಾಕಾರದ ಕಂಡಿ, ಕೆಳಗೆ ಆಕಾಶದ ಬೆಳಕನ್ನು ಮೇಲಕ್ಕೆ ಎಸೆಯುವ ಕನ್ನಡಿ. ಕಂಡಿಯ ಮೇಲೆ ನೆಗೆಟಿವ್. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್. ನೆಗೆಟಿವಿನಲ್ಲಿ ಲೋಕವೇ ತಲೆಕೆಳಗು: ಪ್ರಿಂಟಿನಲ್ಲಿ ಕಪ್ಪಾಗಿ ಕಾಣುವ ಸುಕ್ಕು ಇಲ್ಲಿ ಖಾಲಿ ಗೆರೆ. ಆ ಖಾಲಿ ಗೆರೆಗೆ ಪೆನ್ಸಿಲಿನ ಸೀಸ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ಮಾಯ. ಸಿಡುಬಿನ ಕಲೆಯ ಒಬ್ಬ ಹುಡುಗಿಯ ಮುಖದ ಮೇಲೆ, ವರನ ಕಡೆಯವರಿಗೆ ಕಳಿಸುವ ಫೋಟೋಕ್ಕಾಗಿ, ಅವರು ಇಡೀ ಮಧ್ಯಾಹ್ನ ಅರ್ಧವಿರಾಮದಷ್ಟು ಸಣ್ಣ ಗೆರೆಗಳನ್ನು ಎಳೆಯುತ್ತಾ ಕೂತದ್ದನ್ನು ನೋಡಿದ್ದೇನೆ. ಮುಗಿಸಿದ ಮೇಲೆ ಎರಡು ಕಲೆಗಳನ್ನು ಬೇಕೆಂದೇ ಬಿಟ್ಟರು. ‘ಪೂರಾ ತೆಗೆದ್ರೆ ಅವಳಲ್ಲ ಅಂತ ಗೊತ್ತಾಗಿಬಿಡತ್ತೆ’ ಎಂದರು. ಮೊಬೈಲಿನ ಬ್ಯೂಟಿ ಫಿಲ್ಟರಿಗೆ ಗೊತ್ತಿಲ್ಲದಿರುವುದು ಈ ಎರಡು ಕಲೆಗಳ ವಿಷಯ. ‘ಡಿಜಿಟಲ್ ಬಂದ ಮೇಲೆ ಫೋಟೋ ಸುಳ್ಳು ಹೇಳಲು ಶುರುಮಾಡಿತು’ ಎನ್ನುವವರಿಗೆ ಆ ಮೇಜನ್ನು ತೋರಿಸಬೇಕಿತ್ತು.

ಮಲೆನಾಡಿನ ಮನೆಗಳ ಒಳಗೆ ಹಗಲಲ್ಲೂ ಮಬ್ಬು. ಮಾಡಿನ ನಡುವೆ ಒಂದೋ ಎರಡೋ ಗಾಜಿನ ಹೆಂಚು, ಅದರಿಂದ ಕೋಲಿನಂತೆ ಇಳಿಯುವ ಬೆಳಕು. ಆ ಬೆಳಕಿನ ಕೋಲು ಬಿದ್ದಲ್ಲಿ ಒಬ್ಬರನ್ನು ಕೂರಿಸಿ, ಎದುರಿಗೆ ಬಿಳಿ ಪಂಚೆ ಹರವಿ ನೆರಳಿನ ಕಡೆಯ ಕೆನ್ನೆಗೆ ಒಂಚೂರು ಬೆಳಕು ತಿರುಗಿಸುವುದು ನಮ್ಮ ಬಡವರ ತಂತ್ರ. ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಸ್ಟುಡಿಯೋದೊಳಗೆ ಕನ್ನಡಿಗಳಿಂದ ಸೂರ್ಯನ ಬಿಸಿಲನ್ನೇ ತಿರುಗಿಸಿ ತಂದು ಆ ಪ್ರಸಿದ್ಧ ಬೆಳಕಿನ ಸ್ತಂಭವನ್ನು ಮಾಡಿದರು ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಕ್ಯಾಮೆರಾದಲ್ಲಿ ಏನೇ ಬದಲಾದರೂ ಪಂಚೆ ಇನ್ನೂ ನನ್ನ ಚೀಲದಲ್ಲಿದೆ. ಐದು ಮಡಿಕೆಯ ವಿದೇಶಿ ರಿಫ್ಲೆಕ್ಟರನ್ನು ಮಗ ತಂದುಕೊಟ್ಟ. ಅದು ಗಾಳಿಗೆ ಹಾರುತ್ತದೆ.

ಮಳೆಗಾಲವೊಂದು ಮಾತ್ರ ಎರಡೂ ಕಾಲಗಳನ್ನು ಸಮವಾಗಿ ಕಾಡಿದೆ. ಲೆನ್ಸಿನ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು. ಅಂದೂ ಕಪಾಟಿನೊಳಗೆ 40 ವ್ಯಾಟಿನ ಬಲ್ಬು ಉರಿಸಿಡುತ್ತಿದ್ದೆ, ಈಗಲೂ ಅಷ್ಟೇ. ಎಲ್‌ಇಡಿ ಬಲ್ಬು ಬಿಸಿಯಾಗದ ಕಾರಣ ಹಳೆಯ ಬಲ್ಬು ಹುಡುಕಿ ತರುವುದಷ್ಟೇ ಹೊಸ ತಾಪತ್ರಯ.

ಡಿಜಿಟಲ್ ನನಗೆ ಏನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ ಒಂದೇ ಪದದಲ್ಲಿ ಯಕ್ಷಗಾನ ಎನ್ನುತ್ತೇನೆ. ಬಯಲಾಟಕ್ಕೆ ಫಿಲ್ಮು ಒಯ್ದವರಿಗೇ ಗೊತ್ತು ಆ ಪಾಡು. 400ರ ಕಪ್ಪುಬಿಳುಪು ಫಿಲ್ಮನ್ನು 1600 ಎಂದು ಸುಳ್ಳು ಹೇಳಿ ತೆಗೆದು, ಆಮೇಲೆ ಡೆವಲಪರಿನಲ್ಲಿ ಹೆಚ್ಚು ಹೊತ್ತು ಕುದಿಸಿದ ಹಾಗೆ ಇಡಬೇಕು. ಬರುವ ಚಿತ್ರದ ತುಂಬ ಮರಳಿನಂಥ ಕಾಳು. ಬಣ್ಣದ ಫಿಲ್ಮಾದರೆ ಹ್ಯಾಲೋಜನ್ ಬೆಳಕಿಗೆ ವೇಷಗಳೆಲ್ಲ ಅರಿಸಿನದಲ್ಲಿ ಅದ್ದಿ ತೆಗೆದಂತೆ. ಫ್ಲ್ಯಾಶ್ ಹೊಡೆದರೆ ಕಿರೀಟದ ಕನ್ನಡಿ ಚೂರುಗಳು ಬೆಳಕನ್ನು ವಾಪಸು ಉಗುಳುತ್ತವೆ, ರಂಗಸ್ಥಳದ ರಾತ್ರಿಯೇ ಸತ್ತುಹೋಗುತ್ತದೆ. ಸೆಕೆಂಡಿನ 30ನೇ ಒಂದು ಭಾಗದಷ್ಟು ನಿಧಾನದ ಶಟರಿನಲ್ಲಿ ಕುಣಿಯುವವನನ್ನು ಹಿಡಿಯುವ ಒಂದೇ ದಾರಿ, ಭಾಗವತರ ತಾಳ ಕೇಳುವುದು. ಮುಕ್ತಾಯಕ್ಕೆ ವೇಷಧಾರಿ ಎದೆಯುಬ್ಬಿಸಿ ಅರೆಗಳಿಗೆ ನಿಲ್ಲುತ್ತಾನೆ, ಹಾರಿದವನು ಎತ್ತರದ ತುದಿಯಲ್ಲಿ ಕ್ಷಣ ತಡೆಯುತ್ತಾನೆ. ಅಲ್ಲಿ ಒತ್ತಬೇಕು. ಕಣ್ಣಿನಿಂದಲ್ಲ, ಕಿವಿಯಿಂದ ಫೋಟೋ ತೆಗೆಯುತ್ತಿದ್ದೆವು.

ಈಗ ಐಎಸ್‌ಒ (ಅಂದಿನ ಎಎಸ್‌ಎ) 6400 ಇಟ್ಟು ಸೆಕೆಂಡಿನ 500ನೇ ಒಂದು ಭಾಗದಲ್ಲಿ ತೆಗೆದರೆ ಬೆವರ ಹನಿ ಗಾಳಿಯಲ್ಲಿ ನಿಂತಿರುತ್ತದೆ. ಚೌಕಿಮನೆಯಲ್ಲಿ ಮಂದ ಬಲ್ಬಿನ ಕೆಳಗೆ ಮುಖವರ್ಣಿಕೆ ಬರೆದುಕೊಳ್ಳುವ ಕಲಾವಿದನನ್ನು ಅವನಿಗೆ ತೊಂದರೆಯಾಗದಂತೆ, ಅವನ ಮುಖದ ನಿಜವಾದ ಬಣ್ಣದಲ್ಲಿ ತೆಗೆಯಬಹುದು. ಫಿಲ್ಮಿನಲ್ಲಿ ನಾನು ಇಪ್ಪತ್ತು ವರ್ಷ ತಪಸ್ಸು ಮಾಡಿದರೂ ಅದು ಆಗುತ್ತಿರಲಿಲ್ಲ. ಹೊಸ ಪೀಡೆ ಎಂದರೆ ರಂಗಸ್ಥಳಕ್ಕೆ ಬಂದ ಬಣ್ಣದ ಎಲ್‌ಇಡಿ. ಶುದ್ಧ ನೀಲಿ ಬೆಳಕು ಬಿದ್ದರೆ ಸೆನ್ಸರಿನ ನೀಲಿ ಕೋಶಗಳಷ್ಟೇ ತುಂಬಿ ಚೆಲ್ಲಿ, ಕೆಂಪು ಹಸಿರಿನವು ಹಸಿದು ಕೂರುತ್ತವೆ. ವೇಷದ ಮುಖ ನೀಲಿ ಮುದ್ದೆ. ಸೆನ್ಸರಿನ ಮೇಲೆ ಕೂರಿಸುವ ಬಣ್ಣದ ಜಾಲರಿಯನ್ನು ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದ ಕೊಡಾಕ್‌ನ ಬ್ರೈಸ್ ಬೇಯರ್ ಮಹಾಶಯ, ಮನುಷ್ಯನ ಕಣ್ಣಿಗೆ ಹಸಿರೇ ಹೆಚ್ಚು ಮುಖ್ಯ ಎಂದು ಅರ್ಧದಷ್ಟು ಕೋಶಗಳನ್ನು ಹಸಿರಿಗೆ ಕೊಟ್ಟ, ಕೆಂಪು ನೀಲಿಗೆ ಕಾಲುಕಾಲು ಪಾಲು. ನಮ್ಮ ಮೇಳದವರು ಇಷ್ಟೊಂದು ನೀಲಿ ಬೆಳಕು ಹಾಕುತ್ತಾರೆಂದು ಅವನಿಗೇನು ಕನಸೇ?

ಕೊಡಾಕ್ ಎಂದಾಗ ನೆನಪಾಯಿತು. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದೇ ಅಲ್ಲಿ, 1975ರಲ್ಲಿ, ಸ್ಟೀವ್ ಸ್ಯಾಸನ್ ಎಂಬ ಯುವ ಎಂಜಿನಿಯರ್. ಮೂರೂವರೆ ಕಿಲೋಗೂ ಹೆಚ್ಚು ತೂಕ, ಹತ್ತು ಸಾವಿರ ಪಿಕ್ಸೆಲ್, ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಫಿಲ್ಮು ಮಾರುವ ಕಂಪನಿಗೆ ಫಿಲ್ಮು ಬೇಡದ ಕ್ಯಾಮೆರಾ ಹೇಗೆ ರುಚಿಸೀತು? 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ನನಗೆ ಅದಕ್ಕಿಂತ ಹೆಚ್ಚು ನೋವಾದದ್ದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಥೆ ಕೇಳಿ. 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಉತ್ಪಾದನೆ ಶುರುಮಾಡಿದ ಸರ್ಕಾರಿ ಕಾರ್ಖಾನೆ. ‘ಇಂದು’ ಎಂಬ ಅದರ ಫಿಲ್ಮು, ಕಾಗದ ನಮ್ಮ ಸ್ಟುಡಿಯೋದಲ್ಲೂ ಬರುತ್ತಿತ್ತು. ಬೆಳ್ಳಿಯ ಕೆಲಸಕ್ಕೆ ಚಂದ್ರನ ಹೆಸರು ಎಷ್ಟು ಚೆಂದ. ಈಗ ಅಲ್ಲಿ ಏನೂ ತಯಾರಾಗುವುದಿಲ್ಲ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದ. ತಾಯಿ ತೀರಿಕೊಂಡು ಒಂಬತ್ತು ದಿನವಾಗಿತ್ತು. ವೈಕುಂಠಕ್ಕೆ ಹನ್ನೆರಡು ಹದಿನೈದರ ಫೋಟೋ ಬೇಕು. ತಾಯಿಯ ನೂರಾರು ಫೋಟೋ ತೆಗೆದಿದ್ದನಂತೆ, ಆ ಮೊಬೈಲು ಹೊಳೆಗೆ ಬಿದ್ದು ಹೋಗಿತ್ತು. ಉಳಿದದ್ದು ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದೊಂದು ಫೋಟೋ. ವಾಟ್ಸ್ಆ್ಯಪ್ಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರದ ಉದ್ದದ ಬದಿ 1600 ಪಿಕ್ಸೆಲಿನ ಸುಮಾರಿಗೆ ಇಳಿಯುತ್ತದೆ. ಹನ್ನೆರಡು ಹದಿನೈದಕ್ಕೆ ಇಂಚಿಗೆ 300ರಂತೆ ಬೇಕಾದದ್ದು 3600ಕ್ಕೆ 4500. ಅದರಲ್ಲೂ ತಾಯಿ ಎಂಟು ಜನರ ಮಧ್ಯೆ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಆಕೆಯ ಮುಖಕ್ಕೆ ಸಿಕ್ಕಿದ್ದು ಬೆರಳುಗುರಿನಷ್ಟು ಜಾಗ. ಈಗಿನ ತಂತ್ರಾಂಶಕ್ಕೆ ಕೊಟ್ಟರೆ ಅದು ಮುಖವನ್ನು ಹಿಗ್ಗಿಸುತ್ತದೆ, ಇಲ್ಲದ ಹುಬ್ಬು, ಇಲ್ಲದ ರೆಪ್ಪೆಗಳನ್ನು ತಾನೇ ಕಲ್ಪಿಸಿ ತುಂಬುತ್ತದೆ. ಮಾಡಿ ತೋರಿಸಿದೆ. ಹುಡುಗ ತುಂಬಾ ಹೊತ್ತು ನೋಡಿ, ‘ಇದು ಅಮ್ಮ ಅಲ್ಲ’ ಎಂದ. ಕೊನೆಗೆ ಮಸುಕಾಗಿದ್ದನ್ನೇ ಐದು ಏಳರ ಅಳತೆಗೆ ಹಾಕಿಕೊಟ್ಟೆ. ಹೋಗುವಾಗ ಕೇಳಿದ: ‘ನಮ್ಮನೆ ಜಗಲೀಲಿ ಅಜ್ಜಿ ಫೋಟೋ ಅಷ್ಟು ಚೆನ್ನಾಗಿದೆಯಲ್ಲ, ಅದು ಯಾವ ಕ್ಯಾಮೆರಾ?’ ನಮ್ಮ ಮಾಸ್ತರ ಯಾಶಿಕಾ ಇರಬೇಕು. 35 ಎಂಎಂ ಫಿಲ್ಮಿಗಿಂತ ಮೂರೂವರೆ ಪಟ್ಟು ದೊಡ್ಡ ನೆಗೆಟಿವ್. ಅಜ್ಜಿ ಸೆರಗು ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತು, ಉಸಿರು ಬಿಗಿಹಿಡಿದು ತೆಗೆಸಿಕೊಂಡ ಬದುಕಿನ ಒಂದೇ ಫೋಟೋ.

ನನ್ನದೇ ಮನೆಯ ದೋಸೆಯೂ ತೂತೇ. 2011ರಲ್ಲಿ ಹಾರ್ಡ್ ಡಿಸ್ಕೊಂದು ಒಂದು ಬೆಳಿಗ್ಗೆ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಎರಡು ವರ್ಷದ ಮದುವೆ, ಮುಂಜಿ, ನಾಮಕರಣ ಹೋದವು. ಇನ್ನೊಂದು ಪ್ರತಿ ಇಡದಿದ್ದದ್ದು ನನ್ನ ತಪ್ಪೇ. 1986ರ ಆ ನಟಿಸಿದ ಧಾರೆಯ ನೆಗೆಟಿವುಗಳು ಮಾತ್ರ ಹಾರ್ಲಿಕ್ಸ್ ಡಬ್ಬಿಯಲ್ಲಿ ಸುಖವಾಗಿವೆ. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಹಳೇಬೀಡು, ಬೇಲೂರಿನ ದೇವಸ್ಥಾನಗಳನ್ನು ಕಾಗದದ ನೆಗೆಟಿವಿನ ಮೇಲೆ ತೆಗೆದ. ಆ ಚಿತ್ರಗಳು ಇವತ್ತಿಗೂ ಇವೆ. ನೋಡಲು ಪಾಸ್‌ವರ್ಡ್ ಬೇಕಿಲ್ಲ.

ಸ್ಟುಡಿಯೋಗಳು ಒಂದೊಂದೇ ಮುಚ್ಚುವಾಗ ನೆಗೆಟಿವ್ ಕೊಳ್ಳುವ ಆಸಾಮಿಗಳು ಊರೂರಿಗೆ ಬರುತ್ತಿದ್ದರು. ಮೊದಲೆಲ್ಲ ಬಳಸಿದ ಹೈಪೋ ಕೊಂಡು ಬೆಳ್ಳಿ ತೆಗೆಯುತ್ತಿದ್ದವರೇ. ಐವತ್ತು ವರ್ಷದ ಊರಿನ ಮುಖಗಳು ಗೋಣಿಚೀಲದಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮಾಸ್ತರದೂ ಹಾಗೆಯೇ ಹೋಯಿತು. ನಾನು ಬೇರೆ ಊರಿನ ಮದುವೆಗೆ ಹೋಗಿದ್ದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ, ಹಳೆಯ ಆಲ್ಬಮ್ಮಿನ ಕೊನೆಯ ರಟ್ಟಿನ ಒಳಗೆ ಕಂದು ಬಣ್ಣದ ಪಟ್ಟಿಗಳು ಸಿಕ್ಕರೆ ಕಸವೆಂದು ಎಸೆಯಬೇಡಿ. ಅಂಚಿನಲ್ಲಿ ಹಿಡಿಯಿರಿ, ಮಧ್ಯೆ ಬೆರಳು ಇಡಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ತೇವಕ್ಕೆ ಹುಳಿ ವಾಸನೆ ಬಂದು ಕೆಡುತ್ತವೆ, ಕಾಗದದ ಲಕೋಟೆಯಲ್ಲಿಡಿ. ಒಂದು ಮೊಬೈಲಿನ ತೆರೆಯನ್ನು ಪೂರಾ ಬಿಳಿ ಮಾಡಿ, ಅದರಿಂದ ಒಂದೆರಡು ಇಂಚು ಮೇಲೆ ನೆಗೆಟಿವನ್ನು ಹಿಡಿದು, ಇನ್ನೊಂದು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಬಣ್ಣ ತಿರುಗಿಸಿದರೆ ಯಾರಿದ್ದಾರೆಂದು ತಿಳಿಯುವಷ್ಟು ಕಾಣುತ್ತದೆ. ಗುರುತು ಹಿಡಿಯುವ ಹಿರಿಯರು ಮನೆಯಲ್ಲಿ ಇರುವಾಗಲೇ ಈ ಕೆಲಸ ಮಾಡಿ, ಹೆಸರುಗಳನ್ನು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಹಾಗೆಯೇ ಈ ವರ್ಷ ಮೊಬೈಲಿನಲ್ಲಿ ತೆಗೆದವುಗಳಲ್ಲಿ ಹನ್ನೆರಡನ್ನು ಆರಿಸಿ ಪ್ರಿಂಟು ಹಾಕಿಸಿ. ಹನ್ನೆರಡೇ ಸಾಕು, ಕ್ಲಿಕ್ 3ರ ಒಂದು ರೀಲಿನಷ್ಟು.